ಕೈ ಎತ್ತಿದರೆ ನಿಲ್ಲಿಸುತ್ತೇನೆ

ನನ್ನ ಮೈದುನ ಹಲ್ಲಿನ ಡಾಕ್ಟರು. ಒಳ್ಳೆಯ ಡಾಕ್ಟರೇ, ಅದರಲ್ಲಿ ಎರಡು ಮಾತಿಲ್ಲ. ನನ್ನ ಬಾಯಲ್ಲೇ ಅವನು ಕೊರೆದು ತುಂಬಿದ ಹಲ್ಲು ಆರಿವೆ, ಆರೂ ಇವತ್ತಿಗೂ ಗಟ್ಟಿಯಾಗಿವೆ. ಆದರೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನು ಗಿಟಾರನ್ನು ಹೆಗಲಿಗೇರಿಸಿಕೊಂಡು ನಮ್ಮ ಹಾಸಿಗೆ ಕಾರ್ಖಾನೆಯ ಬಾಗಿಲಲ್ಲಿ ನಿಂತನೆಂದರೆ, ಇಂಥವನ ಕೈಗೆ ನನ್ನ ದವಡೆಯನ್ನು ಯಾವ ಧೈರ್ಯದ ಮೇಲೆ ಒಪ್ಪಿಸಿದೆ ಎಂದು ನನಗೇ ಸೋಜಿಗವಾಗುತ್ತದೆ.

ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಒಂದು ಉದ್ದನೆಯ ಕೋಣೆ, ಎರಡು ಹೊಲಿಗೆ ಯಂತ್ರ, ಹತ್ತಿ ಹಿಂಜುವ ಒಂದು ಯಂತ್ರ, ಗೋಡೆಗೆ ಒರಗಿಸಿ ನಿಲ್ಲಿಸಿದ ಹಾಸಿಗೆಗಳು. ನಾನೂ ನನ್ನ ಗಂಡನೂ ಸೇರಿ ನಡೆಸುತ್ತೇವೆ. ಭಾನುವಾರ ಯಂತ್ರಗಳಿಗೆ ರಜೆ. ಹಾಸಿಗೆಗಳು ಸದ್ದನ್ನೆಲ್ಲ ನುಂಗಿಕೊಳ್ಳುವುದರಿಂದ ಅಕ್ಕಪಕ್ಕದವರು ಜಗಳಕ್ಕೆ ಬರುವುದಿಲ್ಲ. ಹಾಗಾಗಿ ನಮ್ಮ ಬ್ಯಾಂಡಿನ ತಾಲೀಮು ಇಲ್ಲೇ. ಡ್ರಮ್ಸ್ ನನ್ನದು. ಐವತ್ತೆರಡು ವರ್ಷದ ಹೆಂಗಸು ಡ್ರಮ್ಸ್ ಬಾರಿಸುತ್ತಾಳೆ ಅಂತ ಮುಸಿಮುಸಿ ನಗುವವರು ಒಂದು ದಿನ ಬಂದು ನನ್ನ ಜೊತೆ ಹತ್ತಿ ಬಡಿಯಲಿ, ಆಮೇಲೆ ಮಾತಾಡೋಣ. ಬೇಸ್ ಗಿಟಾರು ಲಿಫ್ಟ್ ರಿಪೇರಿ ಮಾಡುವವನದು. ಅವನು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಹಾಡುವುದು ಭೂಗೋಳದ ಮೇಷ್ಟ್ರು. ಅವರು ಉಳಿದ ಮಾತನ್ನೆಲ್ಲ ಆಡುತ್ತಾರೆ.

ರಾಕ್ ಹಾಡಿನ ಗಾಳಿ ಸೋಕದವರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ಹಾಡಿನ ನಡುವೆ ಒಂದು ಕಡೆ ಹಾಡುವವನು ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಾನೆ. ಗಿಟಾರಿನವನು ಒಂದು ಹೆಜ್ಜೆ ಮುಂದೆ ಬಂದು ತಾನೊಬ್ಬನೇ ಮೆರೆಯುತ್ತಾನೆ. ಅದಕ್ಕೆ ಸೋಲೋ ಅನ್ನುತ್ತಾರೆ. ಒಳ್ಳೆಯ ಸೋಲೋ ಮುಗಿದಾಗ ಹಾಡು ಮೊದಲಿಗಿಂತ ದೊಡ್ಡದಾಗಿರುತ್ತದೆ. ಕೆಟ್ಟ ಸೋಲೋ ಮುಗಿದಾಗ ಯಾವ ಹಾಡು ನಡೆಯುತ್ತಿತ್ತು ಅನ್ನುವುದೇ ಮರೆತುಹೋಗಿರುತ್ತದೆ. ನಮ್ಮ ಹಾಡು ನಾಲ್ಕು ನಿಮಿಷದ್ದು. ಅದರ ನಡುವೆ ಮೈದುನನ ಸೋಲೋ ಆರು ನಿಮಿಷದ್ದು.

ಆರು ನಿಮಿಷವೂ ಅವನು ಕಣ್ಣು ಮುಚ್ಚಿಕೊಂಡಿರುತ್ತಾನೆ. ಹುಬ್ಬು ಗಂಟಿಕ್ಕಿಕೊಂಡು, ತುಟಿ ಸೊಟ್ಟ ಮಾಡಿಕೊಂಡು, ತನ್ನದೇ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತ ರೋಗಿಯ ಮುಖ ಮಾಡುತ್ತಾನೆ. ಬೆರಳುಗಳು ಮಾತ್ರ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡುತ್ತಲೇ ಇರುತ್ತವೆ. ಒಂದು ಸಲ ಸೋಲೋ ನಡುವೆ ಲಿಫ್ಟಿನವನು ಒಂದು ಕೈಯಲ್ಲಿ ಬೇಸ್ ನುಡಿಸುತ್ತ ಇನ್ನೊಂದು ಕೈಯಲ್ಲಿ ಬಾಳೆಹಣ್ಣು ತಿಂದು ಮುಗಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೈದುನನಿಗೆ ಅದು ಇವತ್ತಿಗೂ ಗೊತ್ತಿಲ್ಲ.

ನಗೆಯ ಮಾತು ಹೀಗಿರಲಿ. ಇದರಲ್ಲಿ ನಗಲಾಗದ ವಿಷಯ ಒಂದಿತ್ತು, ಅದು ಅವನ ಮಗಳದು. ಹದಿನಾರು ವರ್ಷ. ನನ್ನನ್ನು ದೊಡ್ಡಮ್ಮ ಅನ್ನುತ್ತಾಳೆ. ಗಿಟಾರಿನ ವಿಷಯದಲ್ಲಿ ಅವಳಿಗೆ ಗೊತ್ತಿಲ್ಲದ್ದಿಲ್ಲ. ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಊಟಕ್ಕೂ ಇಳಿಸುವುದಿಲ್ಲ. ಭಾನುವಾರ ಅಪ್ಪನ ಜೊತೆ ಆಂಪ್ಲಿಫೈಯರ್ ಹೊತ್ತುಕೊಂಡು ಬರುತ್ತಾಳೆ, ಹಾಡು ಶುರುವಾದರೆ ಎದುರಿಗೆ ಸ್ಟೂಲಿನ ಮೇಲೆ ಕಾಲಲ್ಲಿ ತಾಳ ಹಾಕುತ್ತ ಕೂರುತ್ತಾಳೆ. ಸೋಲೋ ಶುರುವಾಯಿತೋ, ಎದ್ದು ಹೊರಗೆ ಹೋಗುತ್ತಾಳೆ. ಸಿಟ್ಟಿಲ್ಲ, ಸೆಡವಿಲ್ಲ. ಒಲೆಯ ಮೇಲೆ ಹಾಲಿಟ್ಟಿದ್ದು ನೆನಪಾದವರ ಹಾಗೆ ಸುಮ್ಮನೆ ಎದ್ದು ಹೋಗಿ ಅಂಗಳದ ಹತ್ತಿಯ ಮೂಟೆಗಳ ಮೇಲೆ ಕೂತುಬಿಡುತ್ತಾಳೆ. ಆರು ನಿಮಿಷವಾದ ಮೇಲೆ ಇವನು ಬೆವರೊರೆಸುತ್ತ ಕಣ್ಣು ಬಿಟ್ಟರೆ ಎದುರಿಗೆ ಬರೀ ಸ್ಟೂಲು.

ಒಂದು ಭಾನುವಾರ ಎಲ್ಲರೂ ಹೋದ ಮೇಲೆ ಮೈದುನ ಹಾಸಿಗೆಯೊಂದರ ಅಂಚಿನಲ್ಲಿ ಕೂತು ಹೇಳಿದ, "ಅತ್ತಿಗೆ, ಚಿಕ್ಕೋಳಿದ್ದಾಗ ನಾನು ನುಡಿಸ್ತಿದ್ರೆ ಗಿಟಾರಿನ ಪೆಟ್ಟಿಗೆ ಮೇಲೇ ಕೂತಿರ್ತಿದ್ಲು. ಇಳಿಸಿದ್ರೂ ಇಳೀತಿರ್ಲಿಲ್ಲ. ನನಗೆ ಬೇರೇನೂ ಬೇಡ. ಒಂದೇ ಒಂದು ಸಲ ಅವಳು ನನ್ನ ಸೋಲೋ ಮುಗಿಯೋವರೆಗೂ ಕೂತ್ಕೋಬೇಕು. ಮೆಚ್ಚೋದೂ ಬೇಡ. ಕೂತ್ರೆ ಸಾಕು."

ನಾನು ಬೈಯಲೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಅವನ ಮುಖ ಅಷ್ಟು ಸಣ್ಣದಾಗಿತ್ತು. ಆ ಕ್ಷಣದಿಂದ ಅವನ ಸೋಲೋ ನನ್ನ ತಲೆನೋವೂ ಆಯಿತು.

ಅದೇ ಹೊತ್ತಿಗೆ ಮೇಷ್ಟ್ರು ಒಂದು ಸುದ್ದಿ ತಂದರು. ಅವರ ಶಾಲೆಯಲ್ಲಿ ಶನಿವಾರ ಮಧ್ಯಾಹ್ನ ಹೆತ್ತವರ ಕಾರ್ಯಕ್ರಮವಂತೆ. ನಮಗೆ ಒಂದು ಹಾಡು, ಆರು ನಿಮಿಷ. ಅವರ ಶಾಲೆ ಅಂದರೆ ಹುಡುಗಿ ಓದುವ ಶಾಲೆಯೇ. ಮೂರು ವಾರ ಸಮಯವಿತ್ತು. ಹುಡುಗಿ ಸುದ್ದಿ ಕೇಳಿ ಹೆಡ್‌ಫೋನ್ ಕೆಳಗಿಳಿಸಿದಳು. ಅಷ್ಟರಲ್ಲೇ ವಿಷಯ ಗಂಭೀರ ಎಂದು ನಮಗೆಲ್ಲ ಗೊತ್ತಾಯಿತು.

"ಅಪ್ಪ, ನೀನು ನುಡಿಸೋದಾದ್ರೆ ನುಡಿಸು, ನಾನು ಬೇಡ ಅನ್ನಲ್ಲ. ಆದ್ರೆ ಸೋಲೋ ಶುರುವಾದ ತಕ್ಷಣ ನಾನು ಹಾಲ್‌ನಿಂದ ಹೊರಗೆ ಹೋಗ್ತೀನಿ. ನಾನೂರು ಜನ ನನ್ನ ಮುಖ ನೋಡ್ಕೊಂಡು ಕೂತಿರ್ತಾರೆ. ನನ್ನ ಕೈಲಾಗಲ್ಲ."

"ಯಾಕಮ್ಮಾ? ನನ್ನ ಸೋಲೋಗೆ ಏನಾಗಿದೆ? ಸಾವಿರದ ನೂರು ಸ್ವರ ಇದೆ ಅದರಲ್ಲಿ. ಎಣಿಸಿದೀನಿ."

"ಅದೇ ಆಗಿರೋದು," ಅಂದಳು ಹುಡುಗಿ.

ಆ ಭಾನುವಾರ ತಾಲೀಮು ನಡೆಯಲೇ ಇಲ್ಲ. ಒಳ್ಳೆಯ ಸೋಲೋ ಯಾವುದು, ಕೆಟ್ಟ ಸೋಲೋ ಯಾವುದು ಎಂದು ಎಲ್ಲರೂ ಹಾಸಿಗೆಗಳ ಮೇಲೆ ಕಾಲು ಚಾಚಿಕೊಂಡು ಹರಟಿದ್ದೇ ಹರಟಿದ್ದು. ಮೇಷ್ಟ್ರ ಪ್ರಕಾರ ಸೋಲೋಗೆ ಭೂಪಟ ಇರಬೇಕು, ಎಲ್ಲಿ ಹೊರಟೆವು, ಯಾವ ಬೆಟ್ಟ ಹತ್ತಿದೆವು, ಎಲ್ಲಿ ಇಳಿದೆವು ಎಂದು ಕೇಳುವವನು ಬೆರಳಿಟ್ಟು ತೋರಿಸುವಂತಿರಬೇಕು. ಅವರು ಖಂಡಗಳ ವಿಚಾರಕ್ಕೆ ಹೋಗುವ ಮೊದಲೇ ನಾನು ತಡೆದೆ. ನನ್ನ ಪ್ರಕಾರ ಹತ್ತಿ ಗಿಡಿದು ತುಂಬಿದ ಹಾಸಿಗೆಯ ಮೇಲೆ ಯಾರೂ ಮಲಗುವುದಿಲ್ಲ. ಒಳಗೆ ಗಾಳಿಗೆ ಒಂಚೂರು ಜಾಗ ಬಿಡಬೇಕು, ಆಗಲೇ ಅದು ಮೈಗೆ ಒಗ್ಗುವುದು. ಲಿಫ್ಟಿನವನನ್ನು ಕೇಳಿದೆವು. ಅವನು ಬಹಳ ಹೊತ್ತು ಯೋಚಿಸಿ, "ಯಾವ ಮಹಡೀಲೂ ನಿಲ್ಲದಿದ್ರೆ ಒಳಗಿರೋರು ಕಿರುಚ್ತಾರೆ," ಅಂದು ಮತ್ತೆ ಸುಮ್ಮನಾದ.

ಮೈದುನನಿಗೆ ಮೂಗಿನ ತುದಿಯಲ್ಲೇ ಕೋಪ. "ನೀವ್ಯಾರೂ ಗಿಟಾರ್ ನುಡಿಸಲ್ಲ. ವೇಗ ಅನ್ನೋದು ಎಷ್ಟು ವರ್ಷದ ಸಾಧನೆ ಗೊತ್ತಾ? ನನ್ನ ಈ ಉಂಗುರ ಬೆರಳು..."

"ಅಪ್ಪ, ನಾನು ಹೇಳ್ಲಾ?" ಹುಡುಗಿ ಅಂದಳು. "ನಿನ್ನ ಸೋಲೋ ನಿನ್ನ ಕ್ಲಿನಿಕ್ ಥರಾನೇ. ನೀನು ಮಾತಾಡ್ತಾನೇ ಇರ್ತೀಯ. ಎದುರಿಗಿರೋರ ಬಾಯಲ್ಲಿ ಹತ್ತಿ ಇರುತ್ತೆ."

ಮೈದುನ ಗಿಟಾರನ್ನು ಪೆಟ್ಟಿಗೆಗೆ ಹಾಕಿ, ಮೂರು ಕೊಂಡಿಗಳನ್ನೂ ಒಂದೊಂದಾಗಿ ಬಿಗಿದು, ಯಾರಿಗೂ ಹೇಳದೆ ಹೊರಟುಹೋದ.

ಆ ಬುಧವಾರ ನನ್ನ ಏಳನೆಯ ಹಲ್ಲು ಕೈಕೊಟ್ಟಿತು. ದಪ್ಪ ದಾರವನ್ನು ಕತ್ತರಿ ಹುಡುಕುವ ಸೋಮಾರಿತನಕ್ಕೆ ಹಲ್ಲಿನಿಂದಲೇ ಕತ್ತರಿಸುವುದು ನನ್ನ ಅಭ್ಯಾಸ, ಅಂಚು ಚಕ್ಕೆಯೆದ್ದಿತ್ತು. ಕ್ಲಿನಿಕ್ಕಿಗೆ ಹೋದೆ. ಹಸಿರು ಕುರ್ಚಿ, ಮುಖದ ಮೇಲೆ ದೀಪ, ಪಕ್ಕದಲ್ಲಿ ನೀರಿನ ಪುಟ್ಟ ಲೋಟ. ಮೈದುನ ಎಂದಿನಂತೆ ಮೃದುವಾದ ದನಿಯಲ್ಲಿ ಹೇಳಿದ, "ಅತ್ತಿಗೆ, ನೋವಾದ್ರೆ ಎಡಗೈ ಎತ್ತಿ. ಎತ್ತಿದ ತಕ್ಷಣ ನಿಲ್ಲಿಸ್ತೀನಿ." ಇಪ್ಪತ್ತೆರಡು ವರ್ಷದಿಂದ ಬಂದವರಿಗೆಲ್ಲ ಅವನು ಹೇಳುವ ಮಾತು ಇದು. ಚಿಕ್ಕ ಮಕ್ಕಳಿಗೆ ಒಂದು ಸಲ ಸುಮ್ಮನೆ ಕೈ ಎತ್ತಿಸಿ, ನಿಲ್ಲಿಸಿ ತೋರಿಸಿಯೂ ಬಿಡುತ್ತಾನೆ, ನಂಬಿಕೆ ಬರಲೆಂದು.

ಬಾಯಲ್ಲಿ ಹತ್ತಿಯುಂಡೆ ಇಟ್ಟು, ಯಂತ್ರ ಕೈಗೆತ್ತಿಕೊಂಡು ಶುರು ಮಾಡಿದ ನೋಡಿ. ಕೊರೆತ ಒಂದು ಕಡೆ, ಮಾತಿನ ಕೊರೆತ ಇನ್ನೊಂದು ಕಡೆ. ಮಗಳಿಗೆ ತನ್ನ ಮೇಲೆ ಗೌರವವಿಲ್ಲ, ಮೇಷ್ಟ್ರಿಗೆ ಕಿವಿಯಿಲ್ಲ, ಸ್ವರ ಕಮ್ಮಿ ಮಾಡು ಅನ್ನುವುದೂ ಹಲ್ಲು ಕಮ್ಮಿ ಮಾಡು ಅನ್ನುವುದೂ ಒಂದೇ, ಅಲ್ಲವೇ ಅತ್ತಿಗೆ? ನಾನೇನು ಹೇಳಲಿ? ನನ್ನ ಬಾಯಿ ಅವನ ವಶದಲ್ಲಿತ್ತು. ಹಲ್ಲೇನೂ ನೋಯುತ್ತಿರಲಿಲ್ಲ, ಕಿವಿ ನೋಯುತ್ತಿತ್ತು. ತಾಳ್ಮೆ ಕೆಟ್ಟು ಎಡಗೈ ಎತ್ತಿದೆ.

ಯಂತ್ರ ಟಕ್ಕನೆ ನಿಂತಿತು. ಮಾತೂ ನಿಂತಿತು. "ಅಲ್ಲವೇ ಅತ್ತಿ" ಅಂತ ಅಂದಿದ್ದವನು "ಗೆ" ಕೂಡ ಅನ್ನಲಿಲ್ಲ. ಬಗ್ಗಿ ನೋಡಿದೆ. ಕೆಳಗೆ ಯಂತ್ರ ನಡೆಸುವ ಪೆಡಲಿನ ಮೇಲಿದ್ದ ಅವನ ಬಲಗಾಲು ಗಾಳಿಯಲ್ಲಿ ನಾಲ್ಕು ಬೆರಳು ಮೇಲೆದ್ದು ನಿಂತಿತ್ತು.

"ನೋಯ್ತಾ?" ಅಂದ.

ನಾನು ಇಲ್ಲವೆಂದು ತಲೆಯಾಡಿಸಿದೆ. ಮತ್ತೆ ಶುರು ಮಾಡಿದ. ಮತ್ತೆ ಕೈ ಎತ್ತಿದೆ. ಮತ್ತೆ ಕಾಲು ಮೇಲೆದ್ದಿತು. "ನೋಯ್ತಾ?" ಮೂರನೆಯ ಸಲ ಬೇಕೆಂದೇ ಎತ್ತಿದೆ. ಅಷ್ಟು ವರ್ಷ ಆ ಮನೆಯಲ್ಲಿ ಅವನನ್ನು ಹೆತ್ತ ತಾಯಿ ಸುಮ್ಮನಾಗಿಸಲಾರದೆ ಹೋಗಿದ್ದಳು, ಕಟ್ಟಿಕೊಂಡ ನನ್ನ ವಾರಗಿತ್ತಿ ಸೋತು ಕಿವಿಗೆ ಹತ್ತಿ ಇಟ್ಟುಕೊಂಡಿದ್ದಳು. ಈ ಮನುಷ್ಯನಿಗೆ ಒಂದು ಸ್ವಿಚ್ಚು ಇತ್ತು, ಯಾರೂ ನೋಡಿರಲಿಲ್ಲ. ನಾನು ಹತ್ತಿಯುಂಡೆ ಉಗುಳಿ ಎದ್ದು ಕೂತೆ.

"ಭಾನುವಾರದಿಂದ ಸೋಲೋದಲ್ಲೂ ಇದೇ ನಿಯಮ," ಅಂದೆ. "ಒಂದು ನಿಮಿಷ ಆದ ಮೇಲೆ ನಾನು ಎಡಗೈ ಕೋಲು ಎತ್ತುತ್ತೀನಿ. ಎತ್ತಿದ ತಕ್ಷಣ ನೀನು ನಿಲ್ಲಿಸ್ತೀಯ. ನಿನ್ನ ಮಗಳು ಕೂತಿರಬೇಕು ಅಂತ ಆಸೆ ಇದ್ರೆ ತುಟಿ ಪಿಟಕ್ಕನ್ನಬೇಡ."

ಮಗಳ ಹೆಸರೆತ್ತಿದ್ದಕ್ಕೆ ಅವನು ಒಪ್ಪಿಕೊಂಡು ಕೈಗವಸು ಕಳಚಿದ. ಹಲ್ಲು ಅರ್ಧಕ್ಕೇ ನಿಂತಿದೆ ಎಂದು ಇಬ್ಬರಿಗೂ ಆಮೇಲೆ ನೆನಪಾಯಿತು.

ನಿಯಮ ಅದ್ಭುತವಾಗಿ ಕೆಲಸ ಮಾಡಿತು. ಗಿಟಾರಿನ ಸದ್ದು ಹೆಚ್ಚಿಸುವುದಕ್ಕೂ ಒಂದು ಪೆಡಲಿದೆ, ಸೋಲೋ ಹೊತ್ತಿಗೆ ಅವನ ಬಲಗಾಲು ಅದರ ಮೇಲೆಯೇ ಇರುತ್ತದೆ. ನನ್ನ ಎಡಗೈ ಮೇಲೇರಿದರೆ ಕಾಲು ಮೇಲೇರುತ್ತಿತ್ತು, ಬೆರಳು ನಿಲ್ಲುತ್ತಿತ್ತು, ಬಾಯಿಂದ "ನೋಯ್ತಾ?" ಬರುತ್ತಿತ್ತು. ಕೊನೆಯದನ್ನು ಬಿಡಿಸಲು ಪ್ರಯತ್ನಪಟ್ಟು ಸೋತೆವು. ಕೈ ಕಾಣಬೇಕಲ್ಲ, ಅದಕ್ಕಾಗಿ ಅವನು ಕಣ್ಣು ತೆರೆದುಕೊಂಡೇ ನುಡಿಸಬೇಕಾಗಿ ಬಂತು. ಮೊದಲ ಸಲ ಕಣ್ಣು ತೆರೆದು ನುಡಿಸಿದಾಗ ಗೋಡೆಯ ತುಂಬ ಹಾಸಿಗೆಗಳನ್ನು ನೋಡಿ, "ಇಷ್ಟೊಂದಿವೆಯಾ!" ಅಂದ.

ಆದರೆ ರೋಗ ಪೂರ್ತಿ ವಾಸಿಯಾಗಿರಲಿಲ್ಲ. ಆರು ನಿಮಿಷದ ಸಾವಿರದ ನೂರು ಸ್ವರಗಳನ್ನು ಬಿಟ್ಟುಕೊಡಲು ಮನಸ್ಸು ಬಾರದೆ, ಎಲ್ಲವನ್ನೂ ಒಂದೇ ನಿಮಿಷದಲ್ಲಿ ತುರುಕಲು ಹೊರಟಿದ್ದ. ಮೊದಲು ಬೇಸರ ತರಿಸುತ್ತಿದ್ದುದು ಈಗ ಹೆದರಿಕೆ ತರಿಸುತ್ತಿತ್ತು. "ಓವರ್‌ಲೋಡ್," ಅಂದ ಲಿಫ್ಟಿನವನು. ಹುಡುಗಿ ಮೂಟೆಗಳ ಮೇಲಿಂದ ಎದ್ದು ಒಳಗೆ ಬರಲಿಲ್ಲ. ಎರಡು ಭಾನುವಾರ ಹೀಗೇ ಕಳೆದವು, ಶನಿವಾರ ಬಂದೇಬಿಟ್ಟಿತು.

ಶಾಲೆಯ ಹಾಲು ನಮ್ಮ ಕಾರ್ಖಾನೆಯ ಹಾಗಲ್ಲ. ಎತ್ತರದ ಕಿಟಕಿಗಳು, ಮರದ ನೆಲ, ಬರಿಯ ಗೋಡೆ. ಒಂದು ಗುಂಡುಸೂಜಿ ಬಿದ್ದರೂ ಮೂರು ಸಲ ಬಿದ್ದ ಹಾಗೆ ಕೇಳಿಸುತ್ತದೆ. ಮುಂದಿನ ಸಾಲುಗಳಲ್ಲಿ ಪುಟಾಣಿಗಳು, ನಡುವೆ ಹೆತ್ತವರು, ಹಿಂದೆ ದೊಡ್ಡ ತರಗತಿಯವರು. ಅರ್ಧಕ್ಕರ್ಧ ಜನ ಮೈದುನನ ರೋಗಿಗಳೇ. ಅವನು ವೇದಿಕೆ ಹತ್ತಿದಾಗ ಮೊದಲ ಸಾಲಿನ ನಾಲ್ಕೈದು ಮಕ್ಕಳು ಭಯದಿಂದ ಬಾಯಿ ಮುಚ್ಚಿಕೊಂಡರು. ಒಂದೇ ಬಾಗಿಲು, ಅದರ ಪಕ್ಕದಲ್ಲಿ ರಸಾಯನಶಾಸ್ತ್ರದ ಟೀಚರು ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರು. ಯಾರಿಗಾದರೂ ಹೊರಗೆ ಹೋಗಬೇಕಿದ್ದರೆ ಕೈ ಎತ್ತಬೇಕು, ಟೀಚರು ನೋಡಿ ತಲೆಯಾಡಿಸಬೇಕು, ಆಮೇಲೆ ಹೋಗಬೇಕು. ಅದು ಆ ಶಾಲೆಯ ಶಿಸ್ತು. ಹುಡುಗಿ ಹೇಳಿದ ಮಾತಿಗೆ ತಪ್ಪದೆ ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಅಂಟಿದ ಕುರ್ಚಿಯಲ್ಲೇ ಕೂತಿದ್ದಳು. ಬ್ಯಾಗು ತೊಡೆಯ ಮೇಲಿತ್ತು.

ಹಾಡು ಚೆನ್ನಾಗಿಯೇ ಶುರುವಾಯಿತು. ಮೇಷ್ಟ್ರ ದನಿ ಎತ್ತರದಲ್ಲಿ ಸ್ವಲ್ಪ ಒಡೆಯಿತು, ಅದು ಎಂದಿನ ಜಾಗವೇ. ಆಮೇಲೆ ಅವರು ಪಕ್ಕಕ್ಕೆ ಸರಿದರು. ಮೈದುನ ಒಂದು ಹೆಜ್ಜೆ ಮುಂದೆ ಬಂದ, ಪೆಡಲಿನ ಮೇಲೆ ಬಲಗಾಲಿಟ್ಟ, ಕಣ್ಣು ಅಗಲಿಸಿಕೊಂಡ. ಹತ್ತು ಸೆಕೆಂಡಿನಲ್ಲಿ ಇನ್ನೂರು ಸ್ವರ ಸುರಿದಿರಬೇಕು. ಬರಿಯ ಗೋಡೆಗಳು ಒಂದೊಂದನ್ನೂ ಮೂರು ಮಾಡಿ ವಾಪಸ್ಸು ಎಸೆದವು. ಹೆತ್ತವರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿದರು. ಮುಗಿಯಿತು ಕಥೆ ಅಂದುಕೊಂಡೆ.

ಆಗ ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಬಲಗೈಯಲ್ಲಿ ಬ್ಯಾಗಿತ್ತು, ಹಾಗಾಗಿ ಎಡಗೈ. ಹುಡುಗಿ ಟೀಚರ ಕಡೆ ನೋಡುತ್ತ, ಹೊರಗೆ ಹೋಗಲು ಅಪ್ಪಣೆ ಕೇಳುತ್ತಿದ್ದಳು.

ಮೈದುನ ಅದನ್ನು ಕಂಡ. ಕಾಲು ಪೆಡಲಿನಿಂದ ನಾಲ್ಕು ಬೆರಳು ಮೇಲೆದ್ದಿತು. ಸೋಲೋ ಟಕ್ಕನೆ ನಿಂತಿತು. ತಾಲೀಮಿನ ಅಭ್ಯಾಸಕ್ಕೆ ನಾನೂ ನಿಲ್ಲಿಸಿದೆ, ಲಿಫ್ಟಿನವನೂ ನಿಲ್ಲಿಸಿದ. ಮೈದುನ ಮೇಷ್ಟ್ರ ಮೈಕಿನ ಕಡೆ ಬಗ್ಗಿ, ಹಸಿರು ಕುರ್ಚಿಯ ಪಕ್ಕದ ಅದೇ ಮೃದುವಾದ ದನಿಯಲ್ಲಿ ಕೇಳಿದ:

"ನೋಯ್ತಾ?"

ನಾನು ಡ್ರಮ್ಸಿನ ಹಿಂದೆ ಅಡಗಿಕೊಳ್ಳಲು ಜಾಗ ಹುಡುಕಿದೆ. ನಾನೂರು ತಲೆಗಳು ಹಿಂದಕ್ಕೆ ತಿರುಗಿದವು. ಹುಡುಗಿಯ ಕೈ ಗಾಳಿಯಲ್ಲೇ ಸಿಕ್ಕಿಕೊಂಡಿತ್ತು, ಮುಖ ಕೆಂಪಡರಿತ್ತು. "ಏನಮ್ಮಾ, ಏನು ಬೇಕು?" ಅಂದರು ಟೀಚರು. ಅಪ್ಪನ ಸೋಲೋ ತಡೆಯಲಾರೆ, ಹೊರಗೆ ಬಿಡಿ ಎಂದು ಅಷ್ಟು ಜನರ ಎದುರಿಗೆ ಯಾವ ಮಗಳು ಹೇಳಿಯಾಳು? ಅಷ್ಟರಲ್ಲಿ ಮೊದಲ ಸಾಲಿನ ಒಂದು ಪುಟಾಣಿ, ಹೋದ ತಿಂಗಳಷ್ಟೇ ಹಲ್ಲು ಕೀಳಿಸಿಕೊಂಡಿದ್ದು, ಬೋಳು ಬಾಯಿ ತೆರೆದು ಕೂಗಿತು, "ಇಲ್ಲಾ ಡಾಕ್ಟ್ರೇ!"

ಹಾಲೆಲ್ಲ ಗೊಳ್ಳೆಂದಿತು. ಹುಡುಗಿ ಕೈ ಇಳಿಸಿ ಕೂತಳು. ಕೂತಿದ್ದು ಅವಮಾನಕ್ಕೆ, ಅದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಜನರ ಕಣ್ಣು ಅತ್ತ ಸರಿದರೆ ಸಾಕು, ಬಾಗಿಲು ಎರಡೇ ಹೆಜ್ಜೆ.

"ಇನ್ನೊಂಚೂರೇ," ಅಂದ ಮೈದುನ. ಅದೂ ಕ್ಲಿನಿಕ್ಕಿನ ಮಾತೇ. ಕಾಲು ಇಳಿಸಿ ನುಡಿಸಿದ.

ಐದು ಸ್ವರವೂ ಆಗಿರಲಿಲ್ಲ, ಮುಂದಿನ ಸಾಲುಗಳಲ್ಲಿ ಮೂವತ್ತು ಎಡಗೈಗಳು ಮೇಲೆದ್ದವು. ಮಕ್ಕಳಿಗೆ ಆಟ ಅರ್ಥವಾಗಿತ್ತು. ಇವನು ನಿಲ್ಲಿಸಿದ. ನಿಲ್ಲಿಸದಿರಲು ಅವನಿಂದ ಆಗುತ್ತಿರಲಿಲ್ಲ, ಅದು ಇಪ್ಪತ್ತೆರಡು ವರ್ಷದ ಕಾಲು.

"ನೋಯ್ತಾ?"

"ಇಲ್ಲಾ!"

ಈ ಸಲ ನಾನು ತಾಳ ನಿಲ್ಲಿಸಲಿಲ್ಲ. ಮೆತ್ತಗೆ ಹಾಕುತ್ತಲೇ ಇದ್ದೆ, ಲಿಫ್ಟಿನವನು ನನ್ನ ಮುಖ ನೋಡಿ ಸೇರಿಕೊಂಡ. ಮೈದುನ ಏಳು ಸ್ವರ ನುಡಿಸಿದ. ನೂರು ಕೈ. ನಿಲ್ಲಿಸಿದ. ಇನ್ನೊಂದು ಎಂಟು ಸ್ವರ. ಇನ್ನೂರು ಕೈ. ಹೆತ್ತವರೂ ನಾಚಿಕೆ ಬಿಟ್ಟು ಎತ್ತತೊಡಗಿದ್ದರು. ಮುಖ್ಯೋಪಾಧ್ಯಾಯರು ಕನ್ನಡಕ ಹಿಡಿದ ಕೈಯನ್ನೇ ಎತ್ತಿದರು, ಅವರ ಕಟ್ಟಿಸಿಕೊಂಡ ಹಲ್ಲುಗಳು ಇವನ ಕೈಕೆಲಸವೇ. ಒಂದು ಸಲ ಇವನು ತುಂಟತನಕ್ಕೆ ತಂತಿಯನ್ನು ಮೇಲಕ್ಕೆ ಎಳೆದು ಕೊರೆಯುವ ಯಂತ್ರದ ಕೀರಲು ದನಿಯನ್ನೇ ಹೊರಡಿಸಿದ. ಪುಟಾಣಿಗಳು ಕಿಟಾರೆಂದು ಕಿರುಚಿ ಎರಡೂ ಕೈ ಎತ್ತಿದವು, ಒಂದು ಮಗು ಕಾಲನ್ನೂ ಎತ್ತಿತು.

ಆಗ ನನ್ನ ಕಿವಿಗೆ ಒಂದು ವಿಷಯ ಬಿತ್ತು. ಯಾವಾಗ ನಿಲ್ಲಿಸಬೇಕಾದೀತೋ ಗೊತ್ತಿಲ್ಲದೆ, ಎಲ್ಲಿ ನಿಂತರೂ ಮರ್ಯಾದೆ ಉಳಿಯುವಂಥ ಸ್ವರಗಳನ್ನಷ್ಟೇ ಅವನು ಆರಿಸಿಕೊಳ್ಳುತ್ತಿದ್ದ. ತುರುಕಲು ಸಮಯವೇ ಇರಲಿಲ್ಲ. ನಾಲ್ಕು ಸ್ವರದಲ್ಲಿ ಏನೋ ಕೇಳುತ್ತಿದ್ದ, ನಿಲ್ಲುತ್ತಿದ್ದ, ಹಾಲು ಉತ್ತರ ಕೊಡುತ್ತಿತ್ತು. ಆ ಉತ್ತರ ಹಿಡಿದುಕೊಂಡು ಮುಂದಿನ ನಾಲ್ಕು ಸ್ವರ. ಇಷ್ಟು ವರ್ಷ ಇವನ ಹಿಂದೆ ಕೂತು ತಾಳ ಬಡಿದಿದ್ದೇನೆ, ಒಂದು ದಿನವೂ ಇವನು ಯಾರದಾದರೂ ಉತ್ತರಕ್ಕೆ ಕಾದದ್ದನ್ನು ಕೇಳಿರಲಿಲ್ಲ. ನನಗೆ ಸಂತೋಷವಾಯಿತು ಅನ್ನಲು ನಾಚಿಕೆಯೇನಿಲ್ಲ, ನಿಜಕ್ಕೂ ಸಂತೋಷವಾಯಿತು.

ಅಷ್ಟರಲ್ಲಿ ಮಕ್ಕಳು ಜಾಣರಾದರು. ಕೈ ಎತ್ತಿದರೆ ಈ ಮನುಷ್ಯ ನಿಲ್ಲಿಸುತ್ತಾನೆ, ನುಡಿಸಬೇಕಾದರೆ ಎತ್ತಬಾರದು ಎಂದು ಹೊಳೆಯಿತು. ಒಬ್ಬರನ್ನು ನೋಡಿ ಒಬ್ಬರು ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಕೂತರು. ಹೆತ್ತವರು ಕೈಕಟ್ಟಿದರು. ಹಾಲಿನಲ್ಲಿ ಒಂದು ಕೈಯೂ ಕಾಣುತ್ತಿರಲಿಲ್ಲ.

ಈ ಮನುಷ್ಯನಿಗೆ ಜನ್ಮದಲ್ಲಿ ಯಾರೂ ಇಂಥ ಬಿಡುಗಡೆ ಕೊಟ್ಟಿರಲಿಲ್ಲ. ಈಗ ಸಾವಿರದ ನೂರೂ ಹೊರಗೆ ಬೀಳುತ್ತವೆ, ಇಷ್ಟು ಹೊತ್ತು ಕಟ್ಟಿದ್ದೆಲ್ಲ ಕೊಚ್ಚಿಹೋಗುತ್ತದೆ, ಹುಡುಗಿ ಎದ್ದು ಹೋಗುತ್ತಾಳೆ. ಬಲಗೈಯಲ್ಲಿ ತಾಳ ಬಿಡದೆ, ಎಡಗೈಯ ಕೋಲನ್ನು ಎತ್ತಲು ಸಜ್ಜಾಗಿ ಮಡಿಲಲ್ಲಿ ಹಿಡಿದುಕೊಂಡೆ.

ಮೈದುನ ಹಾಲನ್ನು ಒಂದು ಸಲ ಮುಂದಿನಿಂದ ಹಿಂದಿನವರೆಗೆ ನೋಡಿದ. ಕೈಗಳನ್ನು ಹುಡುಕುತ್ತಿದ್ದ. ಆಮೇಲೆ ನಿಧಾನವಾಗಿ ಒಂದು ಸಾಲು ನುಡಿಸಿದ. ಎಂಟೋ ಒಂಬತ್ತೋ ಸ್ವರ, ಅಷ್ಟೇ. ಕೊನೆಯ ಸ್ವರವನ್ನು ಎಳೆದು, ಬಾಗಿಸಿ, ಬಿಟ್ಟ. ಅದು ಗೋಡೆಗಳಿಗೆ ತಾಗಿ ವಾಪಸ್ಸು ಬರುವವರೆಗೆ ಕಾದ. ಇನ್ನೊಂದು ಸಾಲು ನುಡಿಸಿದ, ಮೊದಲಿನದನ್ನೇ, ಸ್ವಲ್ಪ ಕೆಳಗಿನಿಂದ. ಮತ್ತೆ ಕಾದ. ಮುಂದಿನ ಸಾಲಿನ ಪುಟಾಣಿ ಬಾಯಿ ಮುಚ್ಚುವುದನ್ನೂ ಮರೆತಿತ್ತು. ರಸಾಯನಶಾಸ್ತ್ರದ ಟೀಚರು ಬಾಗಿಲ ಕಡೆ ಬೆನ್ನು ಮಾಡಿ ಕೂತುಬಿಟ್ಟಿದ್ದರು, ಯಾರು ಬೇಕಾದರೂ ಎದ್ದು ಹೋಗಬಹುದಿತ್ತು. ನಾನು ಕೊನೆಯ ಸಾಲು ನೋಡಿದೆ. ಹುಡುಗಿ ಕೂತಿದ್ದಳು. ಬ್ಯಾಗು ನೆಲಕ್ಕೆ ಇಳಿದಿತ್ತು.

ನನ್ನ ಕೋಲು ಮಡಿಲಲ್ಲೇ ಉಳಿಯಿತು. ಮೈದುನ ಮೂರನೆಯ ಸಾಲು ನುಡಿಸಿ, ತಂತಿಗಳ ಮೇಲೆ ಅಂಗೈ ಇಟ್ಟು, ತಾನಾಗಿಯೇ ನಿಲ್ಲಿಸಿದ. ಯಾರೂ ಕೇಳಿರಲಿಲ್ಲ. ಮೇಷ್ಟ್ರು ತಾವು ಹಾಡಬೇಕೆಂಬುದನ್ನೇ ಮರೆತು ನಿಂತಿದ್ದರು, ಲಿಫ್ಟಿನವನು ಮೊಣಕೈಯಿಂದ ತಿವಿಯಬೇಕಾಯಿತು. ಕೊನೆಯ ಚರಣವನ್ನು ಅವರು ಯಾವ ಶ್ರುತಿಯಲ್ಲಿ ಹಾಡಿದರೋ ದೇವರಿಗೇ ಗೊತ್ತು, ಯಾರಿಗೂ ಅದರ ಮೇಲೆ ಗಮನವಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಶಾಲೆಯ ಅಂಗಳದಲ್ಲಿ ನಮ್ಮ ಹಾಸಿಗೆ ಸಾಗಿಸುವ ವ್ಯಾನಿಗೆ ಸಾಮಾನು ತುಂಬುತ್ತಿದ್ದೆವು. ನಾಲ್ಕು ಗಂಟೆಯ ಬಿಸಿಲು. ದಾರಿಯುದ್ದಕ್ಕೂ ಮಕ್ಕಳು ಮೈದುನನಿಗೆ ಎಡಗೈ ಎತ್ತಿ ತೋರಿಸಿ ಓಡುತ್ತಿದ್ದರು. ಅವನು ಪ್ರತಿಯೊಬ್ಬರಿಗೂ ಅರೆಕ್ಷಣ ನಿಂತು ಮುಂದೆ ಹೋಗುತ್ತಿದ್ದ. ಹುಡುಗಿ ಬಂದಳು. ಹೆಡ್‌ಫೋನ್ ಕೊರಳಲ್ಲೂ ಇರಲಿಲ್ಲ. ಮೈದುನ ಗಿಟಾರಿನ ವೈರನ್ನು ಮೊಣಕೈಗೆ ಸುತ್ತುತ್ತ, ಅವಳ ಮುಖ ನೋಡಲು ಧೈರ್ಯವಿಲ್ಲದೆ, ವೈರಿಗೇ ಹೇಳುವವನಂತೆ ಶುರು ಮಾಡಿದ.

"ನನಗೊತ್ತು, ನನಗೊತ್ತು. ಎಲ್ಲರ ಎದುರಿಗೆ ನಿನ್ನ ಮಾನ ಕಳೆದೆ. ಬೇಕಂತ ಮಾಡ್ಲಿಲ್ಲಮ್ಮಾ, ಕೈ ಕಂಡ್ರೆ ನನ್ನ ಕಾಲು ಕೇಳಲ್ಲ. ಸೋಮವಾರ ಕ್ಲಾಸಲ್ಲಿ ಯಾರಾದ್ರೂ ಏನಾದ್ರೂ ಅಂದ್ರೆ ನನ್ನ ಹೆಸರು..."

"ಅಪ್ಪ."

"ಹೂಂ."

"ಯಾಕೆ ನಿಲ್ಲಿಸ್ದೆ?"

"ಅದೇ ಹೇಳಿದ್ನಲ್ಲ, ನೀನು ಕೈ ಎತ್ತಿದ್ದು ಕಂಡು..."

"ಅದಲ್ಲ. ಕೊನೇಲಿ. ಯಾರೂ ಕೈ ಎತ್ತಿರ್ಲಿಲ್ಲ. ನಾನಂತೂ ಎತ್ತಿರ್ಲಿಲ್ಲ. ಯಾಕೆ ನಿಲ್ಲಿಸ್ಬಿಟ್ಟೆ?"

ಮೈದುನ ವೈರು ಸುತ್ತುವುದನ್ನು ಮರೆತು ನಿಂತ. ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟು ಬರುತ್ತದೆ, ಅದು ಮೊದಲಿನಿಂದಲೂ ಹಾಗೇ. ದೊಡ್ಡ ಡ್ರಮ್ಮನ್ನು ಸೊಟ್ಟಗೆ ಇಟ್ಟಿದ್ದೀಯಲ್ಲ ಎಂದು ಲಿಫ್ಟಿನವನನ್ನು ಹಿಡಿದು ಜಾಡಿಸಿದೆ. ಡ್ರಮ್ಮು ನೆಟ್ಟಗೇ ಇತ್ತು, ಪಾಪ, ಅವನು ಮಾತಿಲ್ಲದೆ ಅದನ್ನು ಇಳಿಸಿ ಮತ್ತೆ ಹತ್ತಿಸಿದ. ಕಣ್ಣೊರೆಸಿಕೊಂಡು ತಿರುಗಿ ನೋಡಿದರೆ ಹುಡುಗಿ ಅಪ್ಪನ ಎದುರಿಗೆ ಹಾಗೇ ನಿಂತಿದ್ದಳು, ಉತ್ತರಕ್ಕೆ ಕಾಯುತ್ತ, ಹೊರಡುವ ಲಕ್ಷಣವೇ ಇಲ್ಲದೆ.